ಇಂಗಾಲದ ಬಿಲ್ ಯಾರ ಹೆಸರಿಗೆ?

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತ ಕಬ್ಬು ಬೆಳೆಗಾರರು ಕೇಳಿದ್ದು ಟನ್ನಿಗೆ 3,500 ರೂಪಾಯಿ. ಅಷ್ಟು ಕೊಟ್ಟರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂದವು ಕಾರ್ಖಾನೆಗಳು. ಕನಿಷ್ಠ ದರ ಗೊತ್ತುಮಾಡುವುದು ಕೇಂದ್ರದ ಕೆಲಸ ಎಂದಿತು ರಾಜ್ಯ. ಎಳೆದಾಟ ಮುಗಿದಾಗ ಶೇ 11.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಮೊದಲು ಹೇಳಿದ್ದ ದರಕ್ಕಿಂತ ಹೆಚ್ಚಿಗೆ ಸಿಕ್ಕ 100 ರೂಪಾಯಿಯಲ್ಲಿ 50 ಕಾರ್ಖಾನೆಗಳು ಕೊಡಬೇಕು, 50 ಸರ್ಕಾರ ಕೊಡಬೇಕು. ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ಆದರೆ ಭಾರ ಯಾರು ಎಷ್ಟು ಹೊರಬೇಕೆಂಬುದು ಬಹಿರಂಗವಾಗಿ, ಅಂಕಿಯಲ್ಲಿ ನಿಗದಿಯಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಕ್ಕೆ ಪಾಲಿನ ಲೆಕ್ಕ ಹೊಸದಲ್ಲ. ಕಾಲುವೆ ನೀರಿನಲ್ಲಿ ಪಾಲು, ಕಾರ್ಖಾನೆಯ ಶೇರಿನಲ್ಲಿ ಪಾಲು, ಕಬ್ಬಿನ ಬಿಲ್ಲಿನಲ್ಲಿ ಪಾಲು, ಎಲ್ಲವನ್ನೂ ಇಲ್ಲಿ ಕೇಳಿಯೇ ಪಡೆದುಕೊಂಡಿದ್ದಾರೆ. ಈಗ ಇದೇ ಸೀಮೆಯ ಮುಂದೆ ಇನ್ನೊಂದು ಬಿಲ್ ಬಂದು ನಿಂತಿದೆ. ಅದು ಇಂಗಾಲದ ಬಿಲ್. ಗಾಳಿಗೆ ಸೇರುತ್ತಿರುವ ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅದರಿಂದಾಗುವ ನಷ್ಟವನ್ನು ಯಾರು ಭರಿಸಬೇಕು, ತಡೆಯುವ ಖರ್ಚನ್ನು ಯಾರು ಕೊಡಬೇಕು ಎಂಬ ವಾದ ಜಗತ್ತಿನಾದ್ಯಂತ ನಡೆದಿದೆ. ‘ಅದು ಅಮೆರಿಕ, ಚೀನಾದವರ ಜಗಳ, ಹಿಡಕಲ್ ಜಲಾಶಯದ ಕೆಳಗಿನ ರೈತನಿಗೂ ಅದಕ್ಕೂ ಏನು ಸಂಬಂಧ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ನಾವು ಅಂದುಕೊಂಡಷ್ಟು ಸರಳವಾಗಿಲ್ಲ.

ಮೊದಲು ಇಂಗಾಲದಲ್ಲೇ ಎರಡು ಬಗೆಯ ಲೆಕ್ಕವಿದೆ ಎಂಬುದನ್ನು ತಿಳಿದುಕೊಳ್ಳೋಣ. ಕಬ್ಬು ಬೆಳೆಯುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಅದೇ ಕಬ್ಬಿನ ಸಿಪ್ಪೆಯನ್ನು ಕಾರ್ಖಾನೆಯ ಬಾಯ್ಲರಿನಲ್ಲಿ ಸುಟ್ಟರೆ ಹೀರಿದ್ದು ಮರಳಿ ಗಾಳಿಗೆ ಹೋಗುತ್ತದೆ. ಇದು ಒಂದೆರಡು ವರ್ಷದೊಳಗೆ ಸುತ್ತಿ ಬರುವ ಇಂಗಾಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಹಾಗಲ್ಲ. ಅವು ಕೋಟ್ಯಂತರ ವರ್ಷಗಳ ಹಿಂದೆ ನೆಲದೊಳಗೆ ಹೂತುಹೋದ ಇಂಗಾಲ. ಅದನ್ನು ಅಗೆದು ಸುಟ್ಟಾಗ ಗಾಳಿಯ ಖಾತೆಗೆ ಹೊಸ ಜಮಾ ಬೀಳುತ್ತದೆ. ಅದರಲ್ಲಿ ಸುಮಾರು ಅರ್ಧವನ್ನು ಸಮುದ್ರ, ಕಾಡು, ಮಣ್ಣು ಎಳೆದುಕೊಳ್ಳುತ್ತವೆ. ಉಳಿದರ್ಧ ಗಾಳಿಯಲ್ಲೇ ಉಳಿದು, ನೆಲ ಬಿಡುವ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹವಾಯಿ ದ್ವೀಪದ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಈಗ ಅದು 420ನ್ನು ದಾಟಿದೆ. ಕೈಗಾರಿಕಾ ಯುಗಕ್ಕಿಂತ ಮೊದಲು 280ರ ಆಸುಪಾಸಿನಲ್ಲಿತ್ತು. ಕಲ್ಲಿದ್ದಲು, ತೈಲ, ಅನಿಲಗಳಿಂದ ಜಗತ್ತು ಈಗ ವರ್ಷಕ್ಕೆ 3,700 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳುತ್ತಿದೆ. ಕೈಗಾರಿಕಾ ಯುಗದ ಹಿಂದಿನ ಸರಾಸರಿಗಿಂತ ಒಂದೂವರೆ ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದ ಮೊದಲ ವರ್ಷ ಎಂದು 2024 ದಾಖಲಾಯಿತು.

ಈಗ ಪಾಲಿನ ಮಾತು. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸರಾಸರಿ ಎರಡು ಟನ್ ಚಿಲ್ಲರೆ ಬರುತ್ತದೆ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ಅಮೆರಿಕನ್ನನದು ಭಾರತೀಯನದರ ಆರೇಳು ಪಟ್ಟು. ಹಳೆಯ ಬಾಕಿ ತೆಗೆದರಂತೂ ಅಂತರ ಇನ್ನೂ ದೊಡ್ಡದು. ಕೈಗಾರಿಕಾ ಯುಗದಿಂದ ಇಲ್ಲಿಯವರೆಗೆ ಗಾಳಿಗೆ ಸೇರಿದ ಒಟ್ಟು ಪಳೆಯುಳಿಕೆ ಇಂಗಾಲದಲ್ಲಿ ಸುಮಾರು ಕಾಲುಭಾಗ ಅಮೆರಿಕ ಒಂದರದ್ದೇ. ಭಾರತದ್ದು ನೂರಕ್ಕೆ ಮೂರು ನಾಲ್ಕು. ‘ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ಅಳತೆಯದ್ದಲ್ಲ’ ಎಂಬ ತತ್ವವನ್ನು 1992ರಲ್ಲೇ ಜಗತ್ತು ಒಪ್ಪಿಕೊಂಡದ್ದು ಈ ಲೆಕ್ಕದ ಮೇಲೆಯೇ. ಹಾಗಾಗಿ ‘ಮಾಡಿದವರು ಮೊದಲು ಕಟ್ಟಲಿ’ ಎಂಬ ವಾದದಲ್ಲಿ ಹುರುಳಿದೆ. ಅದನ್ನು ಬಿಟ್ಟುಕೊಡುವ ಅಗತ್ಯವಿಲ್ಲ.

ಆದರೆ ಆ ವಾದ ಗೆದ್ದರೂ ಘಟಪ್ರಭಾ ನದಿಯ ದಂಡೆಯವರು ಮಾತ್ರ ಸೋಲುತ್ತಲೇ ಇರುತ್ತಾರೆ.

ಈ ನದಿಗೆ ಹಿಡಕಲ್‌ನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಗರಿಷ್ಠ ಮಟ್ಟ 2,175 ಅಡಿ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ, ಬೆಳಗಾವಿ ನಗರದ ನಲ್ಲಿಗಳಿಗೆ ಇಲ್ಲಿನ ನೀರು ಹೋಗುತ್ತದೆ. ಅಣೆಕಟ್ಟೆಯ ಬುಡದಲ್ಲಿ 32 ಮೆಗಾವ್ಯಾಟ್ ವಿದ್ಯುದಾಗಾರವೂ ಇದೆ. ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯಲ್ಲಿ ಮಳೆ ಹಂತಹಂತವಾಗಿ ಸುರಿಯುತ್ತದೆ, ಜಲಾಶಯ ಮೆಲ್ಲಗೆ ತುಂಬುತ್ತದೆ.

ಆ ನಂಬಿಕೆಗೇ ಈಗ ಪೆಟ್ಟು ಬಿದ್ದಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು. ಹಿಡಿದದ್ದನ್ನು ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ನಡುವೆ ಬಿಡುವು ಉದ್ದವಾಗುತ್ತದೆ. ಅಣೆಕಟ್ಟೆ ನೋಡಿಕೊಳ್ಳುವ ಇಂಜಿನಿಯರಿಗೆ ಇದರಿಂದ ಎರಡು ಕಡೆಯ ಇಕ್ಕಟ್ಟು. ಪ್ರವಾಹಕ್ಕೆಂದು ಜಾಗ ಖಾಲಿ ಇಟ್ಟುಕೊಂಡರೆ, ಮಳೆ ಕೈಕೊಟ್ಟ ವರ್ಷ ಹಿಂಗಾರಿಗೆ ನೀರಿಲ್ಲ. ತುಂಬಿಸಿಟ್ಟುಕೊಂಡರೆ, ಒಂದೇ ವಾರದ ಜಡಿಮಳೆಗೆ ಗೇಟು ಎತ್ತಲೇಬೇಕು. ಬಿಟ್ಟ ನೀರಿಗೆ ಕೆಳಗೆ ಹಿರಣ್ಯಕೇಶಿ, ಮಾರ್ಕಂಡೇಯ, ಬಳ್ಳಾರಿ ನಾಲಾ ಬಂದು ಸೇರಿದರೆ ಗೋಕಾಕ ಪಟ್ಟಣದ ತಗ್ಗಿನ ಓಣಿಗಳು ಮುಳುಗುತ್ತವೆ. 2019ರ ಆಗಸ್ಟಿನಲ್ಲಿ ಆದದ್ದು ಅದೇ. ಲೋಳಸೂರ ಸೇತುವೆ ಮುಳುಗಿತು, ಮನೆಗಳು ಕುಸಿದವು, ನಿಂತ ಕಬ್ಬು ಕೊಳೆಯಿತು. 2021ರಲ್ಲಿ ಮತ್ತೆ, 2024ರಲ್ಲಿ ಮತ್ತೆ ನೀರು ಏರಿತು. ಇವುಗಳ ನಡುವಿನ 2023ರಲ್ಲಿ ಮಳೆಯೇ ಕೈಕೊಟ್ಟಿತು. ರಾಜ್ಯ ಸರ್ಕಾರ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು.

ಪ್ರತಿ ಪ್ರವಾಹವನ್ನೂ ಇಂಗಾಲದ ತಲೆಗೆ ಕಟ್ಟುವುದು ತಪ್ಪು. ನದಿಯ ಪಾತ್ರವನ್ನು ಒತ್ತಿ ಮನೆ ಕಟ್ಟಿದ್ದು, ಹಳ್ಳಗಳಿಗೆ ಮಣ್ಣು ತುಂಬಿದ್ದು, ನೀರು ಬಿಡುವ ಮುನ್ಸೂಚನೆ ತಡವಾದದ್ದು, ಇವೂ ಕಾರಣಗಳೇ. ಆದರೆ ಅತಿವೃಷ್ಟಿ–ಅನಾವೃಷ್ಟಿಗಳು ಬೆನ್ನುಬೆನ್ನಿಗೆ ಬರುವಾಗ ಹಳೆಯ ಲೆಕ್ಕದ ಮೇಲೆ ಕಟ್ಟಿದ ಬದುಕು ತಡೆದುಕೊಳ್ಳಲಾರದು. 2023ರ ಬರದಲ್ಲಿ ಜಲವಿದ್ಯುತ್ ಕುಸಿದು, ಪಂಪ್‌ಸೆಟ್ಟುಗಳ ಬೇಡಿಕೆ ಮಾತ್ರ ಏರಿ, ರಾಜ್ಯ ಕರೆಂಟಿಗಾಗಿ ಪರದಾಡಿತು. ಜಲಾಶಯ ಖಾಲಿಯಾದಷ್ಟೂ ಕಲ್ಲಿದ್ದಲಿನ ಮೇಲೆ ಭಾರ ಬೀಳುತ್ತದೆ; ಕಲ್ಲಿದ್ದಲು ಸುಟ್ಟಷ್ಟೂ ಮಳೆ ಇನ್ನಷ್ಟು ದಿಕ್ಕೆಡುತ್ತದೆ. ಆದ್ದರಿಂದ ಕಾರಣದಲ್ಲಿ ನಮ್ಮ ಪಾಲು ಚಿಕ್ಕದಾದರೂ ನಷ್ಟದಲ್ಲಿ ನಮ್ಮ ಪಾಲು ದೊಡ್ಡದು.

ಇನ್ನು ನಮ್ಮ ಚಿಕ್ಕ ಪಾಲನ್ನೇ ಬಿಡಿಸಿ ನೋಡೋಣ. ಐದು ಎಚ್‌ಪಿ ಮೋಟರು ಒಂದು ತಾಸು ಓಡಿದರೆ ಸುಮಾರು ನಾಲ್ಕು ಯುನಿಟ್ ಕರೆಂಟು. ದೇಶದ ಗ್ರಿಡ್‌ನ ಸರಾಸರಿಯಂತೆ ಯುನಿಟ್ಟಿಗೆ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಿರಿ. ದಿನಕ್ಕೆ ಎಂಟು ತಾಸಿನಂತೆ ನೂರು ದಿನ ಓಡಿದರೆ 3,200 ಯುನಿಟ್, ಅಂದರೆ ಎರಡೂಕಾಲು ಟನ್. ಒಬ್ಬ ಸರಾಸರಿ ಭಾರತೀಯನ ಇಡೀ ವರ್ಷದ ಪಾಲು ಒಂದು ಮೋಟರಿನಲ್ಲೇ ಹೋಯಿತು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ರೈತನ ಕೈಗೆ ಬಿಲ್ ಬರುವುದಿಲ್ಲ. ಆದರೆ ಬಿಲ್ ಇಲ್ಲವೆಂದಲ್ಲ. ಹಣದ ಭಾಗ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಇಂಗಾಲದ ಭಾಗ ಗಾಳಿಗೆ ಹೋಗುತ್ತದೆ.

ಯೂರಿಯಾದ್ದು ಇನ್ನೂ ಕಣ್ಣಿಗೆ ಬೀಳದ ಲೆಕ್ಕ. ಹೊಲಕ್ಕೆ ಬಿದ್ದ ಯೂರಿಯಾದಲ್ಲಿ ಒಂದು ಸಣ್ಣ ಭಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಏಳುತ್ತದೆ. ಶಾಖ ಹಿಡಿಯುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಬಲವಾದದ್ದು. ಜಗತ್ತಿನಲ್ಲಿ ಬಳಕೆಯಲ್ಲಿರುವ ಸರಾಸರಿ ಸೂತ್ರ ಹಾಕಿದರೆ 45 ಕಿಲೊದ ಒಂದು ಚೀಲ ಯೂರಿಯಾದಿಂದ ಹೊಲದಲ್ಲಿ ಏಳುವ ಈ ಅನಿಲದ ಬಾಧೆ ಮೂವತ್ತಕ್ಕೂ ಹೆಚ್ಚು ಲೀಟರ್ ಡೀಸೆಲ್ ಸುಟ್ಟಷ್ಟಕ್ಕೆ ಸಮ. ಆ ಚೀಲವನ್ನು ತಯಾರಿಸಲು ಉರಿದ ನೈಸರ್ಗಿಕ ಅನಿಲ ಇದಕ್ಕೆ ಸೇರಿಲ್ಲ. ನೀರು ಹೆಚ್ಚು ನಿಂತ ಹೊಲದಲ್ಲಿ ಈ ಅನಿಲ ಇನ್ನೂ ಹೆಚ್ಚು ಹೊರಡುತ್ತದೆ. ಅಂದರೆ ಕಾಲುವೆ ನೀರು ಹರಿಬಿಟ್ಟು, ಮೇಲೆ ಯೂರಿಯಾ ಸುರಿಯುವ ನಮ್ಮ ಪದ್ಧತಿ ಗೊಬ್ಬರವನ್ನೂ ಕಳೆಯುತ್ತದೆ, ಗಾಳಿಯನ್ನೂ ಕೆಡಿಸುತ್ತದೆ.

ಮೂರನೆಯದು ರವದಿ, ಅಂದರೆ ಕಬ್ಬಿನ ಒಣಗಿದ ಎಲೆ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ಒಣ ರವದಿ ಹೊಲದಲ್ಲಿ ಬೀಳುತ್ತದೆ. ಬಹುಪಾಲು ಕಡೆ ಅದಕ್ಕೆ ಬೆಂಕಿ ಬೀಳುತ್ತದೆ. ರವದಿಯ ಇಂಗಾಲ ಸುತ್ತಿ ಬರುವ ಇಂಗಾಲವೇ ಅಲ್ಲವೇ, ಸುಟ್ಟರೇನು ಎಂದು ಕೇಳಬಹುದು. ಆದರೆ ಅರೆಬೆಂದ ಹೊಗೆಯಲ್ಲಿ ಮೀಥೇನ್, ನೈಟ್ರಸ್ ಆಕ್ಸೈಡ್, ಮಸಿಯ ಕಣಗಳೂ ಏಳುತ್ತವೆ. ಇವು ಸುತ್ತಿ ಬರುವ ಲೆಕ್ಕಕ್ಕೆ ಸೇರಿದವಲ್ಲ. ರವದಿಯೊಳಗಿದ್ದ ಸಾರಜನಕವೂ ಗಂಧಕವೂ ಹೊಗೆಯೊಂದಿಗೆ ಹೋಗುತ್ತವೆ. ಮಣ್ಣಿಗೆ ಸೇರಬೇಕಿದ್ದ ಸಾವಯವ ಅಂಶ ಬೂದಿಯಾಗುತ್ತದೆ. ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ಕೊಂಡು ತರುತ್ತೇವೆ.

ರೈತ ಅರಿವಿಲ್ಲದೆ ಸುಡುತ್ತಾನೆ ಎಂದು ಪಟ್ಟಣದಲ್ಲಿ ಕುಳಿತು ಬುದ್ಧಿ ಹೇಳುವವರು ಹೊಲದ ಕಷ್ಟವನ್ನು ನೋಡಿಲ್ಲ. ಕುಳೆ ಕಬ್ಬಿಗೆ ಬೇಗ ನೀರು ಹಾಯಿಸಬೇಕು, ಕಾಲುವೆಯ ಪಾಳಿ ಕಾಯುವುದಿಲ್ಲ. ರವದಿ ಸಾಲಿನಲ್ಲಿ ಬಿದ್ದಿದ್ದರೆ ನೀರು ಮುಂದಕ್ಕೆ ಹೋಗುವುದಿಲ್ಲ, ಹಾವು–ಇಲಿಗಳ ಕಾಟ ಬೇರೆ. ಎತ್ತಿಹಾಕಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೈಗೆಟುಕುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ರವದಿಯನ್ನು ಪುಡಿ ಮಾಡುವ ಯಂತ್ರ ಇದೆ. ಎರಡು ಎಕರೆಯವನು ಅದನ್ನು ಕೊಳ್ಳಲಾರ. ಕಡ್ಡಿ ಗೀರಿದರೆ ಒಂದು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಇಂಥವನ ಮೇಲೆ ದಂಡ ಹಾಕುವುದು ಸುಲಭ, ಆದರೆ ಅನ್ಯಾಯ.

ಹೊಣೆಯ ಚರ್ಚೆ ದಾರಿ ತಪ್ಪುವುದು ಇಲ್ಲಿಯೇ. ಒಂದು ಪಂಗಡ ಎಲ್ಲವನ್ನೂ ವ್ಯಕ್ತಿಯ ತಲೆಗೆ ಹಾಕುತ್ತದೆ: ಬಲ್ಬು ಆರಿಸಿ, ಗಿಡ ನೆಡಿ, ರವದಿ ಸುಡಬೇಡಿ. ಇನ್ನೊಂದು ಪಂಗಡ ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಹಾಕಿ ಕೈ ತೊಳೆದುಕೊಳ್ಳುತ್ತದೆ: ಸರ್ಕಾರ ಮಾಡಲಿ, ಶ್ರೀಮಂತ ದೇಶಗಳು ಮಾಡಲಿ. ಎರಡರ ನಡುವೆ ಒಂದು ಸೀದಾ ಅಳತೆ ಇದೆ. ಯಾರ ಕೈಯಲ್ಲಿ ನಿರ್ಧಾರವಿದೆ, ಅದರಿಂದ ಲಾಭ ಯಾರಿಗೆ ಬರುತ್ತದೆ, ಖರ್ಚು ತಾಳುವ ಶಕ್ತಿ ಯಾರಿಗಿದೆ ಎಂಬ ಮೂರು ಪ್ರಶ್ನೆ ಕೇಳಿದರೆ ಹೊಣೆಯ ಪಾಲು ತಾನಾಗಿ ಗೊತ್ತಾಗುತ್ತದೆ.

ಈ ಅಳತೆಯಲ್ಲಿ ಮೊದಲ ಹೆಸರು ಸಕ್ಕರೆ ಕಾರ್ಖಾನೆಗಳದ್ದು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಬೆಲ್ಲದ ಬಾಗೇವಾಡಿ, ಹುಣಶ್ಯಾಳದ ಖಾಸಗಿ ಕಾರ್ಖಾನೆಗಳವರೆಗೆ ಈ ಮೂರು ತಾಲೂಕುಗಳ ಕಬ್ಬಿನ ಬದುಕು ಅವುಗಳ ಸುತ್ತಲೇ ಇದೆ. ಕಟಾವಿನ ತಾರೀಖು ಅವು ಹೇಳಿದಂತೆ, ಕಡಿಯುವ ಗ್ಯಾಂಗುಗಳನ್ನು ಕಳಿಸುವುದು ಅವು. ಹಾಗಾದರೆ ಗ್ಯಾಂಗಿನ ಹಿಂದೆಯೇ ರವದಿ ಪುಡಿ ಮಾಡುವ ಯಂತ್ರವನ್ನೂ ಕಳಿಸುವುದು ಅವುಗಳ ಕೆಲಸವಾಗಬೇಕು. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ ಎಂಬ ಗಸಿಯನ್ನು ಗುಡ್ಡೆ ಹಾಕಿ ಬಿಟ್ಟರೆ ಮೀಥೇನ್ ಏಳುತ್ತದೆ. ಅದನ್ನೇ ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ವಾಹನಕ್ಕೆ ಬಳಸುವ ಜೈವಿಕ ಅನಿಲ, ಉಳಿದದ್ದು ಹೊಲಕ್ಕೆ ಗೊಬ್ಬರ. ದೇಶದ ಹಲವು ಕಾರ್ಖಾನೆಗಳು ಈ ದಾರಿ ಹಿಡಿದಿವೆ.

ಎಥನಾಲ್ ಬಂದ ಮೇಲೆ ಕಾರ್ಖಾನೆಗಳು ತಮ್ಮನ್ನು ಹಸಿರು ಉದ್ಯಮ ಎಂದು ಕರೆದುಕೊಳ್ಳುತ್ತಿವೆ. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಮೊದಲು ಇಟ್ಟುಕೊಂಡ ಗಡುವು 2030. ತೈಲದ ಆಮದು ತಗ್ಗುವುದು ಒಳ್ಳೆಯದೇ. ಆದರೆ ಕಬ್ಬಿಗೆ ಬೆಳೆಯ ಅವಧಿಯಲ್ಲಿ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಆ ನೀರನ್ನು ಎತ್ತಲು ಕಲ್ಲಿದ್ದಲಿನ ಕರೆಂಟು, ಬೆಳೆಸಲು ಯೂರಿಯಾ, ಸಾಗಿಸಲು ಡೀಸೆಲ್. ಇವೆಲ್ಲವನ್ನೂ ಕಳೆದ ಮೇಲೆ ಉಳಿದದ್ದಷ್ಟೇ ಎಥನಾಲಿನ ನಿಜವಾದ ಉಳಿತಾಯ. ಕಬ್ಬಿನ ಪ್ರದೇಶ ಹೆಚ್ಚಿದಷ್ಟೂ ಕಾಲುವೆಯ ಕೊನೆಯ ರೈತನಿಗೆ ನೀರು ತಲುಪುವುದು ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹನಿ ನೀರಾವರಿಯ ಕಬ್ಬಿಗೆ ಟನ್ನಿಗೆ ಇಷ್ಟು ಹೆಚ್ಚು ಎಂದು ಕಾರ್ಖಾನೆ ದರ ಕೊಟ್ಟರೆ ನೀರು, ಕರೆಂಟು, ಗೊಬ್ಬರ ಮೂರೂ ಉಳಿಯುತ್ತವೆ. ಇಳುವರಿಗೆ ತಕ್ಕ ದರ ಕೊಡಲು ಬರುವುದಾದರೆ ನೀರಿನ ಉಳಿತಾಯಕ್ಕೆ ತಕ್ಕ ದರ ಕೊಡಲು ಏಕೆ ಬಾರದು?

ಎರಡನೆಯ ಹೆಸರು ವಿದ್ಯುತ್ ಹಂಚುವವರದ್ದು. ಹುಕ್ಕೇರಿಗೆ ಇಲ್ಲೊಂದು ವಿಶೇಷ ಹಕ್ಕಿದೆ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿಕೊಂಡ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಕರ್ನಾಟಕದಲ್ಲಿ ಬೇರೆಲ್ಲೂ ಇಂಥದ್ದಿಲ್ಲ. ಗೋಕಾಕ, ಮೂಡಲಗಿಯವರು ಹೆಸ್ಕಾಂ ಗ್ರಾಹಕರು; ಹುಕ್ಕೇರಿಯವರು ತಮ್ಮ ವಿದ್ಯುತ್ ಸಂಘದ ಸದಸ್ಯರು, ಅಂದರೆ ಮಾಲೀಕರು. ಆ ಸಂಘದ ಚುನಾವಣೆಗೆ ಜಿಲ್ಲೆಯ ದೊಡ್ಡ ಮನೆತನಗಳೇ ಕಣಕ್ಕಿಳಿಯುತ್ತವೆ. ಗೆದ್ದವರು ಕರೆಂಟು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆಗೂ ಅಷ್ಟೇ ಬಿರುಸು ಬರಬೇಕು. ಪಂಪ್‌ಸೆಟ್ಟಿನ ಫೀಡರುಗಳಿಗೆ ಸೌರ ವಿದ್ಯುತ್ ಜೋಡಿಸಲು ಕೇಂದ್ರದ ಕುಸುಮ್ ಯೋಜನೆಯಲ್ಲಿ ಅವಕಾಶವಿದೆ. ಸೌರ ಫೀಡರು ಬಂದರೆ ತ್ರೀಫೇಸ್ ಹಗಲಿನಲ್ಲೇ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಟರಿ ಹಿಡಿದು ಹಾವಿನ ಭಯದಲ್ಲಿ ಕಬ್ಬಿಗೆ ನೀರು ಬಿಡುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಅವನು ದಶಕಗಳಿಂದ ಕೇಳುತ್ತ ಬಂದದ್ದೂ, ಗಾಳಿಗೆ ಬೇಕಾದದ್ದೂ ಇಲ್ಲಿ ಒಂದೇ ಆಗಿದೆ.

ಮೂರನೆಯದು ಸರ್ಕಾರ. 2070ಕ್ಕೆ ನಿವ್ವಳ ಶೂನ್ಯ ಎಂದು ಭಾರತ 2021ರಲ್ಲಿ ಗ್ಲಾಸ್ಗೊದಲ್ಲಿ ಮಾತು ಕೊಟ್ಟಿದೆ. ಆ ಮಾತು ತಾಲೂಕಿಗೆ ಇಳಿಯುವುದು ಎರಡು ರೂಪದಲ್ಲಿ: ಒಂದು ಯಂತ್ರ, ಹನಿ ನೀರಾವರಿ, ಸೌರ ಫೀಡರಿಗೆ ಸಹಾಯಧನ, ಇನ್ನೊಂದು ಬದಲಾದ ಮಳೆಗೆ ತಕ್ಕ ತಯಾರಿ. ಹಿಡಕಲ್ ನೀರು ಬಿಡುವ ನಿಯಮ ಹೊಸ ಮಳೆಯ ಲೆಕ್ಕದಲ್ಲಿ ಪರಿಷ್ಕಾರವಾಗಬೇಕು. ಗೇಟು ಎತ್ತುವ ಸುದ್ದಿ ಕೆಳಗಿನ ಹಳ್ಳಿಗಳಿಗೆ ತಾಸುಗಟ್ಟಲೆ ಮುಂಚೆ ಮುಟ್ಟಬೇಕು. ನದಿಪಾತ್ರದ ಒತ್ತುವರಿ ತೆರವಾಗಬೇಕು, ಅಲ್ಲಿಂದ ಎಬ್ಬಿಸಿದ ಬಡವರಿಗೆ ಮೇಲಿನ ಜಾಗದಲ್ಲಿ ಮನೆ ಸಿಗಬೇಕು. ನಗರಗಳಿಗೂ ಇದರಲ್ಲಿ ಪಾಲಿದೆ. ಹಿಡಕಲ್ ನೀರು ಕುಡಿಯುವ ಬೆಳಗಾವಿ ಅದನ್ನು ಪೋಲು ಮಾಡಿದರೆ, ಮರುಬಳಕೆ ಮಾಡದೆ ಚರಂಡಿಗೆ ಬಿಟ್ಟರೆ, ಆ ಭಾರ ಹೊಲದ ಮೇಲೆಯೇ ಬೀಳುತ್ತದೆ.

ಇಷ್ಟಾದ ಮೇಲೆ ರೈತನ ಪಾಲು ಬರುತ್ತದೆ. ಅವನು ಕೊನೆಗೆ ಬಂದರೂ ಅವನ ಪಾಲು ಇಲ್ಲವೇ ಇಲ್ಲ ಎನ್ನಲಾಗದು. ಯಂತ್ರ ಹೊಲಕ್ಕೆ ಬಂದ ಮೇಲೂ ಕಡ್ಡಿ ಗೀರುವವನಿಗೆ ಸಬೂಬು ಉಳಿಯುವುದಿಲ್ಲ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದೂ ಪಕ್ಕದವನು ಎರಡು ಚೀಲ ಹಾಕಿದನೆಂದು ಮೂರು ಚೀಲ ಹಾಕುವುದನ್ನು ಬಿಡಬೇಕು. ಉಚಿತ ಕರೆಂಟಿನ ಮೋಟರನ್ನು ಆಟೊ ಸ್ಟಾರ್ಟರಿಗೆ ಹಾಕಿ ಹೊಲ ಕೆರೆಯಾಗುವವರೆಗೆ ಬಿಡುವ ರೂಢಿಯೂ ನಿಲ್ಲಬೇಕು. ಇವಕ್ಕೆ ಬಂಡವಾಳ ಬೇಡ, ಮನಸ್ಸು ಸಾಕು.

ಇದೆಲ್ಲ ಈ ನೆಲಕ್ಕೆ ಮೀರಿದ ಮಾತು ಎಂದು ಯಾರಾದರೂ ಅಂದರೆ ಅವರು ಇಲ್ಲಿನ ಚರಿತ್ರೆ ಮರೆತಿದ್ದಾರೆ. ಬಟ್ಟೆಗಿರಣಿ ಎಂದರೆ ಕಲ್ಲಿದ್ದಲಿನ ಹೊಗೆ ಎಂದಿದ್ದ ಹತ್ತೊಂಬತ್ತನೆಯ ಶತಮಾನದಲ್ಲೇ ಗೋಕಾಕದ ಗಿರಣಿ ಜಲಪಾತದ ನೀರಿನ ಬಲದಿಂದ ನೂಲು ತೆಗೆಯಿತು. ಅದೇ ಶತಮಾನದ ಕೊನೆಯಲ್ಲಿ ಧೂಪದಾಳದ ಒಡ್ಡು ಕಟ್ಟಿ ಕಾಲುವೆ ಹರಿಸಿದರು. ಊರವರೇ ಮಾಲೀಕರಾದ ವಿದ್ಯುತ್ ಸಂಘವನ್ನು ಹುಕ್ಕೇರಿ ಐವತ್ತು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿದೆ. ಗುರ್ಲಾಪುರದಲ್ಲಿ ಒಂದಾಗಿ ಕುಳಿತವರು ಸರ್ಕಾರವನ್ನೂ ಕಾರ್ಖಾನೆಗಳನ್ನೂ ಒಂದೇ ಮೇಜಿಗೆ ತಂದರು. ಶಕ್ತಿಗೆ ಇಲ್ಲಿ ಬರವಿಲ್ಲ.

ಆದ್ದರಿಂದ ಶ್ರೀಮಂತ ದೇಶಗಳು ಹಳೆಯ ಬಾಕಿ ಕಟ್ಟಲಿ ಎಂದು ಕೇಳುವುದನ್ನು ಬಿಡಬೇಡಿ. ಅದರ ಜೊತೆಗೆ, ಮುಂದಿನ ಹಂಗಾಮಿನ ದರದ ಮಾತುಕತೆಗೆ ಹೋಗುವಾಗ ಬೇಡಿಕೆಯ ಪಟ್ಟಿಗೆ ಮೂರು ಸಾಲು ಹೆಚ್ಚಿಗೆ ಸೇರಿಸಿ: ಕಟಾವಿನ ಹಿಂದೆಯೇ ಕಾರ್ಖಾನೆಯ ಖರ್ಚಿನಲ್ಲಿ ರವದಿ ಯಂತ್ರ, ನೀರು ಉಳಿಸಿದವನಿಗೆ ಹೆಚ್ಚಿನ ದರ, ಪಂಪ್‌ಸೆಟ್ಟಿಗೆ ಹಗಲಿನ ಸೌರ ಕರೆಂಟು. ಕಾರ್ಖಾನೆಯ ಸರ್ವಸಾಧಾರಣ ಸಭೆಯಲ್ಲಿ, ವಿದ್ಯುತ್ ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಇವನ್ನು ಠರಾವಾಗಿ ಬರೆಸಿ. ದರ ಕೇಳಿ ಪಡೆದ ಸಂಘಟನೆಗೆ ಇದನ್ನು ಪಡೆಯುವುದು ಅಸಾಧ್ಯವಲ್ಲ.